ಚಿಂಕ್ವೆ ತೆರ್ರೆಯ ರೈಲು ಕಾರ್ಡ್: ಯಾವ ದಿನಕ್ಕೆ ಬೇಕು, ಯಾವ ದಿನಕ್ಕೆ ಬೇಡ

ಇಟಲಿಯ ಲಿಗುರಿಯಾ ಕರಾವಳಿಯಲ್ಲಿರುವ ಚಿಂಕ್ವೆ ತೆರ್ರೆ ಎಂಬ ಐದು ಊರುಗಳ ಸೀಮೆಯಲ್ಲಿ ಓಡಾಡುವವರಿಗಾಗಿ ಅಲ್ಲಿನ ರಾಷ್ಟ್ರೀಯ ಉದ್ಯಾನವು ಎರಡು ಬಗೆಯ ಕಾರ್ಡುಗಳನ್ನು ಮಾರುತ್ತದೆ. ಒಂದು, ಶುಲ್ಕವಿರುವ ಕಾಲುದಾರಿಗಳಲ್ಲಿ ನಡೆಯಲು ಬೇಕಾದ ಚಾರಣದ ಕಾರ್ಡ್. ಇನ್ನೊಂದು, ಅದರ ಜೊತೆಗೆ ಐದೂರುಗಳ ಒಂದು ಬದಿಯ ಲೆವಾಂತೊದಿಂದ ಇನ್ನೊಂದು ಬದಿಯ ಲಾ ಸ್ಪೆತ್ಸಿಯಾವರೆಗಿನ ಎರಡನೇ ದರ್ಜೆಯ ಸ್ಥಳೀಯ ರೈಲುಗಳಲ್ಲಿ ದಿನವಿಡೀ ಎಷ್ಟು ಸಲವಾದರೂ ಹತ್ತಿ ಇಳಿಯಲು ಅವಕಾಶ ಕೊಡುವ ಟ್ರೇನೊ ಕಾರ್ಡ್. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆಯಿಂದ ಅಲ್ಲಿಗೆ ಹೊರಡುವ ಪರಿಚಿತರು ನಮ್ಮಲ್ಲಿ ಮೊದಲು ವಿಚಾರಿಸುವುದು, ಈ ಎರಡನೆಯ ಕಾರ್ಡನ್ನು ಉಳಿಯುವಷ್ಟು ದಿನಕ್ಕೂ ಹೊರಡುವ ಮೊದಲು ಇಲ್ಲಿಂದಲೇ ಕೊಂಡುಬಿಡಬಹುದೇ ಎಂದು. ಕಾರ್ಡು ಒಳ್ಳೆಯದೇ, ಆದರೆ ಎಲ್ಲ ದಿನಕ್ಕೂ ಬೇಡ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ಆ ರೈಲಿನ ದರದ ಕ್ರಮದಲ್ಲಿದೆ. ಪ್ರವಾಸದ ಋತುವಿನಲ್ಲಿ ಈ ಮಾರ್ಗದ ಬಿಡಿ ಟಿಕೆಟಿಗೆ ದೂರದ ಲೆಕ್ಕವಿಲ್ಲ. ಪಕ್ಕದೂರಿಗೆ ಮೂರೋ ನಾಲ್ಕೋ ನಿಮಿಷದ ಪ್ರಯಾಣ ಮಾಡಿದರೂ ಕೊನೆಯ ನಿಲ್ದಾಣದವರೆಗೆ ಹೋದರೂ ಅದೇ ಹಣ. ದಟ್ಟಣೆ ಹೆಚ್ಚಿರುವ ದಿನಗಳಲ್ಲಿ ಬಿಡಿ ಟಿಕೆಟಿನ ದರವೂ ಕಾರ್ಡಿನ ದರವೂ ಏರುತ್ತವೆ. ಸ್ಥೂಲವಾಗಿ ಹೇಳುವುದಾದರೆ, ದಿನಕ್ಕೆ ನಾಲ್ಕು ಸಲ ರೈಲು ಹತ್ತುವವರಿಗೆ ಕಾರ್ಡಿನ ಅಸಲು ಬರುತ್ತದೆ. ಶುಲ್ಕದ ಕಾಲುದಾರಿಯನ್ನೂ ಅದೇ ದಿನ ಸೇರಿಸಿಕೊಂಡರೆ ಮೂರು ಸಲವೇ ಸಾಕು. ಬೆಳಿಗ್ಗೆ ಹೋಗಿ ಸಂಜೆ ಮರಳುವುದಷ್ಟೇ ನಿಮ್ಮ ಯೋಜನೆಯಾದರೆ ಬಿಡಿ ಟಿಕೆಟೇ ಅಗ್ಗ. ಎರಡು ಅಥವಾ ಮೂರು ದಿನದ ಕಾರ್ಡು ಕೊಂಡವರು ಆ ದಿನಗಳನ್ನು ಒಂದರ ಹಿಂದೆ ಒಂದರಂತೆ ಬಳಸಬೇಕಾಗುತ್ತದೆ. ಮಳೆ ಬಂತೆಂದು ನಡುವೆ ಒಂದು ದಿನ ಬಿಟ್ಟುಕೊಡಲು ಬರುವುದಿಲ್ಲ. ಒಂದು ದಿನದ ಕಾರ್ಡಿನ ಅವಧಿಯೂ ಕೊಂಡ ಗಳಿಗೆಯಿಂದ ಇಪ್ಪತ್ನಾಲ್ಕು ಗಂಟೆಯಲ್ಲ, ಆ ದಿನದ ಮಧ್ಯರಾತ್ರಿಯವರೆಗೆ ಮಾತ್ರ. ಆದ್ದರಿಂದ ಮಧ್ಯಾಹ್ನ ಬಂದಿಳಿದವರು ಅದೇ ದಿನಕ್ಕೆ ಕೊಳ್ಳುವುದು ವ್ಯರ್ಥ.

ಈ ಕಾರ್ಡಿಗೆ ಪೂರ್ತಿ ಬೆಲೆ ದೊರೆಯುವುದು ಊರೂರು ಸುತ್ತುವ ದಿನ. ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲಿಯಾ, ಮನರೋಲಾ, ರಿಯೊಮಜ್ಜೊರೆ ಎಂಬ ಐದೂ ಊರುಗಳಿಗೆ ನಿಲ್ದಾಣಗಳಿವೆ. ಮಾರ್ಗದ ಬಹುಭಾಗ ಸುರಂಗವಾದ್ದರಿಂದ ಕಿಟಕಿಯಿಂದ ಕಡಲು ನೋಡುತ್ತ ಹೋಗಬಹುದೆಂಬ ಆಸೆ ಇಟ್ಟುಕೊಳ್ಳಬಾರದು. ಸುರಂಗದ ಬಾಯಿಯಲ್ಲಿ ಕ್ಷಣಹೊತ್ತು ನೀಲಿ ಮಿಂಚಿ ಮರೆಯಾಗುತ್ತದೆ, ಅಷ್ಟೆ. ಕೊರ್ನಿಲಿಯಾ ಮಾತ್ರ ಕಡಲಿಗೆ ತಾಗದೆ ಸುಮಾರು 100 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತಿದೆ. ಕೆಳಗಿನ ನಿಲ್ದಾಣದಿಂದ ಊರಿಗೆ 382 ಮೆಟ್ಟಿಲುಗಳು. ಆ ಏರಿಗೆ ಹೋಗಿಬರುವ ಚಿಕ್ಕ ಬಸ್ಸು ಟ್ರೇನೊ ಕಾರ್ಡಿನಲ್ಲಿ ಸೇರಿದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ನಿಲ್ದಾಣಗಳ ಶೌಚಾಲಯದ ಶುಲ್ಕವೂ ಇದರಲ್ಲಿಯೇ ಬಂತು. ದೋಣಿಯ ಪ್ರಯಾಣ ಇದರಲ್ಲಿ ಸೇರಿಲ್ಲ. ಅದಕ್ಕೆ ಬೇರೆ ಟಿಕೆಟ್ ಬೇಕು, ಮತ್ತು ದೋಣಿಗಳು ಕೊರ್ನಿಲಿಯಾದಲ್ಲಿ ನಿಲ್ಲುವುದಿಲ್ಲ.

ನಡಿಗೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಣ ಕಟ್ಟಬೇಕಾದ ದಾರಿ ಯಾವುದು, ಬೇಡದ ದಾರಿ ಯಾವುದು ಎಂಬಲ್ಲಿಯೇ ಹೆಚ್ಚಿನವರಿಗೆ ಗೊಂದಲ. ಐದೂ ಊರುಗಳನ್ನು ಕಡಲಂಚಿನಲ್ಲಿ ಜೋಡಿಸುವ ಹಳೆಯ ದಾರಿಯ ಉದ್ದ ಸುಮಾರು 12 ಕಿಲೋಮೀಟರ್. ಅದರಲ್ಲಿ ಮೊಂತೆರೊಸ್ಸೊದಿಂದ ವೆರ್ನಾತ್ಸಾಕ್ಕೆ ಮತ್ತು ವೆರ್ನಾತ್ಸಾದಿಂದ ಕೊರ್ನಿಲಿಯಾಕ್ಕೆ ಹೋಗುವ ಭಾಗಗಳಿಗೆ ಕಾರ್ಡು ಬೇಕು. ಒಂದೊಂದಕ್ಕೂ ಒಂದೂವರೆಯಿಂದ ಎರಡು ತಾಸು ಹಿಡಿಯುತ್ತದೆ. ಅತಿ ಎತ್ತರದ ಜಾಗವೂ ಸುಮಾರು 200 ಮೀಟರನ್ನಷ್ಟೇ ಮುಟ್ಟುವುದರಿಂದ, 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಹತ್ತಿ ಬಲ್ಲವರಿಗೆ ಉಸಿರಿನ ತೊಂದರೆ ಆಗದು. ನಮ್ಮ ಕಾಡಿನ ಉಂಬಳದ (ಜಿಗಣೆಯ) ಕಾಟವೂ ಇಲ್ಲ. ಆದರೆ ನೆರಳು ಕಡಿಮೆ, ಮೆಟ್ಟಿಲುಗಳು ನೂರಾರು, ದಾರಿ ಕೆಲವೆಡೆ ಒಬ್ಬರೇ ಸಾಗುವಷ್ಟು ಕಿರಿದು. ಎದುರಿನಿಂದ ಗುಂಪು ಬಂದರೆ ಗೋಡೆಗೊರಗಿ ಕಾಯಬೇಕಾಗುತ್ತದೆ. ಅದಕ್ಕಾಗಿ ಬೆಳಿಗ್ಗೆ ಎಂಟಕ್ಕೆ ಮೊದಲೇ ಹೊರಡುವುದು ಲೇಸು. ಮಲೆನಾಡಿನವರು ಎಲ್ಲಿಗೂ ಹವಾಯಿ ಚಪ್ಪಲಿಯಲ್ಲಿಯೇ ಹೊರಡುವ ಅಭ್ಯಾಸವನ್ನು ಇಲ್ಲಿ ಬಿಡಬೇಕು, ಅಂತಹ ಪಾದರಕ್ಷೆಯಲ್ಲಿ ಈ ದಾರಿಗಿಳಿದವರಿಗೆ ದಂಡ ಹಾಕುವ ನಿಯಮವಿದೆ.

ಮನರೋಲಾದಿಂದ ಕೊರ್ನಿಲಿಯಾಕ್ಕೆ ಇದ್ದ ಕೆಳಗಿನ ದಾರಿ ಕುಸಿತದಿಂದಾಗಿ ಹಲವು ವರ್ಷ ಮುಚ್ಚಿಯೇ ಉಳಿದಿದೆ. ಅದರ ಬದಲಿಗೆ ವೊಲಾಸ್ತ್ರಾ ಎಂಬ ಗುಡ್ಡದ ಊರಿನ ಮೇಲಿಂದ ದ್ರಾಕ್ಷಿತೋಟಗಳ ನಡುವೆ ಸಾಗುವ ದಾರಿಯಿದೆ. ಇದಕ್ಕೆ ಶುಲ್ಕವಿಲ್ಲ. ನನ್ನ ಮಟ್ಟಿಗೆ ಇಡೀ ಪ್ರವಾಸದ ಅತ್ಯುತ್ತಮ ನಡಿಗೆ ಇದೇ. ಕಡಿದಾದ ಇಳಿಜಾರನ್ನು ಗಾರೆಯಿಲ್ಲದ ಕಲ್ಲುಗೋಡೆಗಳಿಂದ ತಡೆದು, ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿಕೊಂಡು, ಬೋಸ್ಕೊ, ಅಲ್ಬರೋಲಾ, ವೆರ್ಮೆಂತೀನೊ ತಳಿಯ ಬಳ್ಳಿಗಳನ್ನು ಬೆಳೆಸಿದ್ದಾರೆ. ಕೊಯ್ದ ಹಣ್ಣನ್ನು ಸಾಗಿಸಲು ಒಂಟಿ ಕಂಬಿಯ ಪುಟ್ಟ ಯಂತ್ರದ ಗಾಡಿಗಳಿವೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ಹೇಗೋ ಹಾಗೆ ಆ ಗೋಡೆಗಳು. ಕಲ್ಲುಸಂದಿಯಿಂದ ಮಳೆನೀರು ಬಸಿದು ಹೋಗುತ್ತಿರುವಷ್ಟು ಕಾಲ ಮಣ್ಣು ನಿಲ್ಲುತ್ತದೆ, ಸಾಗುವಳಿ ಬಿಟ್ಟು ಗೋಡೆ ಜರಿದರೆ ಗುಡ್ಡವೇ ಜಾರುತ್ತದೆ. ಈ ಸೀಮೆಯು 1997ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಇಂತಹ ಕಲ್ಲುಕೆಲಸದ ಬಲದಿಂದಲೇ. 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾರ್ಡಿನ ಹಣ ಕಾಲುದಾರಿಗಳ ನಿರ್ವಹಣೆಗೆ ಹೋಗುತ್ತದೆ ಎಂಬುದರಿಂದ ಶುಲ್ಕದ ಬಗ್ಗೆ ನನಗೆ ತಕರಾರಿಲ್ಲ.

ರಿಯೊಮಜ್ಜೊರೆಯಿಂದ ಮನರೋಲಾಕ್ಕೆ ಹೋಗುವ ಸುಪ್ರಸಿದ್ಧ ಪ್ರೇಮಿಗಳ ದಾರಿಯ ಮಾತು ಬೇರೆ. 2012ರಲ್ಲಿ ಬಂಡೆ ಕುಸಿದು ಮುಚ್ಚಿದ ಈ ದಾರಿ 2024ರಲ್ಲಿ ಪುನಃ ತೆರೆಯಿತು. ಹೋಗಲು ಕಾರ್ಡಿನ ಮೇಲೆ ಹೆಚ್ಚುವರಿ ಶುಲ್ಕ ಕೊಟ್ಟು, ಮುಂಚಿತವಾಗಿ ಸಮಯ ಕಾದಿರಿಸಬೇಕು. ಒಂದು ಕಿಲೋಮೀಟರಿನಷ್ಟೂ ಉದ್ದವಿಲ್ಲದ ಸಮತಟ್ಟು ಹಾದಿಗೆ ಇಷ್ಟು ಏರ್ಪಾಡು ಅತಿಯೆನಿಸಿತು. ಚಾರಣಕ್ಕೆಂದೇ ಹೋದವರು ಇದನ್ನು ಬಿಟ್ಟರೆ ನಷ್ಟವಿಲ್ಲ.

ಹೋಗಲು ಒಳ್ಳೆಯ ಕಾಲ ಯಾವುದು ಎಂಬ ಪ್ರಶ್ನೆಗೆ ಅಡಿಕೆ ತೋಟವಿರುವವರ ಲೆಕ್ಕವೇ ಬೇರೆಯಿರುತ್ತದೆ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮುಂಚೆ ಮಾಡುವ ಬೋರ್ಡೋ ದ್ರಾವಣದ ಸಿಂಪಡಣೆಯ ಓಡಾಟ ಶುರುವಾಗುವುದಕ್ಕಿಂತ ಮೊದಲು, ಅಂದರೆ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ, ಯಾರಿಗಾದರೂ ನೀರು ಬಿಡುವ ಕೆಲಸ ವಹಿಸಿ ಹೊರಡಬಹುದು; ಲಿಗುರಿಯಾದಲ್ಲಿ ಆಗ ಹಿತವಾದ ಬಿಸಿಲು. ಏಪ್ರಿಲ್ 25 ಮತ್ತು ಮೇ 1 ಇಟಲಿಯಲ್ಲಿ ರಾಷ್ಟ್ರೀಯ ರಜೆಗಳಾದ್ದರಿಂದ ಆ ಆಸುಪಾಸಿನ ದಿನಗಳನ್ನು ತಪ್ಪಿಸಬೇಕು. ಅಡಿಕೆ ಗೊನೆಗಳ ಕೊಯ್ಲಿಗೆ ಮೊದಲಿನ ಅಕ್ಟೋಬರ್ ಕೂಡ ಅನುಕೂಲವೆನಿಸಬಹುದು, ಆದರೆ ಅಲ್ಲಿ ಅದು ಜೋರು ಮಳೆಯ ಕಾಲ. 2011ರ ಅಕ್ಟೋಬರ್ 25ರಂದು ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಊರುಗಳು ನೆರೆ ಮತ್ತು ಕೆಸರಿನಲ್ಲಿ ಹೂತುಹೋಗಿದ್ದವು. ಹವಾಮಾನದ ಎಚ್ಚರಿಕೆ ಬಂದ ದಿನ ಕಾಲುದಾರಿಗಳನ್ನು ಮುಚ್ಚುತ್ತಾರೆ, ಆಗ ಚಾರಣದ ಕಾರ್ಡು ಜೇಬಿನಲ್ಲಿಯೇ ಉಳಿಯುತ್ತದೆ. ಹಿಂದಿನ ಸಂಜೆ ಮುನ್ಸೂಚನೆ ನೋಡಿ ಕೊಳ್ಳುವುದೇ ಸರಿ.

ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಗುವುದರಿಂದ ಆ ಒಂದು ದಿನವನ್ನು ಲೆಕ್ಕದಲ್ಲಿಡಿ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಕೋಣೆಯನ್ನೇ ಕಾದಿರಿಸಿ. ಪ್ರವಾಸ ಸಂಸ್ಥೆಯೊಂದು ನಮಗೆ ಕೊಟ್ಟ ಪಟ್ಟಿಯಲ್ಲಿ ಐದೂ ಊರುಗಳಿಗೆ ಸೇರಿ ಅರ್ಧ ದಿನವಷ್ಟೇ ಇತ್ತು, ಅದರಲ್ಲಿಯೂ ಊಟಕ್ಕೆ ಎರಡು ತಾಸು! ಅದನ್ನು ಬದಿಗಿಟ್ಟು ನಾವು ಲೆವಾಂತೊದಲ್ಲಿ ಕೋಣೆ ಹಿಡಿದೆವು. ಐದೂರುಗಳ ಕಡಿದಾದ ಓಣಿಗಳಲ್ಲಿ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತುವ ಪಾಡು ಅಲ್ಲಿಲ್ಲ. ಹಳೆಯ ರೈಲು ಸುರಂಗಗಳ ಮೂಲಕ ಬೊನಸ್ಸೊಲಾ ಮತ್ತು ಫ್ರಾಮುರಾಕ್ಕೆ ಹೋಗುವ ಸೈಕಲ್ ಹಾದಿಯೂ, ಪುಂತಾ ಮೆಸ್ಕೊ ಗುಡ್ಡವನ್ನು ದಾಟಿ ಮೊಂತೆರೊಸ್ಸೊ ತಲುಪುವ ಕಾಲುದಾರಿಯೂ ಅಲ್ಲಿಂದಲೇ ಆರಂಭ. ಎರಡಕ್ಕೂ ಕಾರ್ಡು ಬೇಡ.

ಸಸ್ಯಾಹಾರಿಗಳು ಹಸಿದಿರಬೇಕಿಲ್ಲ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಮಾತ್ರ ಸೇರಿಸಿ ಒಲೆಯಲ್ಲಿ ಬೇಯಿಸುವ ಫರಿನಾತಾ ನಮಗೆ ಬಹಳ ಹಿಡಿಸಿತು. ಫೊಕಾಚಿಯಾ ಎಂಬ ಚಪ್ಪಟೆ ಬ್ರೆಡ್ ಕೊಳ್ಳುವಾಗ ಮೇಲೆ ಬೂತಾಯಿಯಂಥ ಚಿಕ್ಕ ಮೀನು ಹರಡಿಲ್ಲವೆಂದು ಕೇಳಿ ತಿಳಿಯಬೇಕು. ಮೊಂತೆರೊಸ್ಸೊ ಆ ಮೀನಿಗೆ ಹೆಸರುವಾಸಿ. ಖಾರಕ್ಕೆ ಚಟ್ನಿಪುಡಿ ಇರಲಿ. ತುಪ್ಪ ಮತ್ತು ಪೇಡೆಯನ್ನು ಮಾತ್ರ ಕಟ್ಟಿಕೊಳ್ಳಬೇಡಿ, ಹಾಲಿನ ಪದಾರ್ಥಗಳನ್ನು ಭಾರತದಿಂದ ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ.

ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರಿಗೆ ಮಾತ್ರ ನನ್ನ ಸಲಹೆ ತುಸು ಬೇರೆ. ಅವರು ನಡೆಯುವ ದಿನವೇ ಇರದ ಕಾರಣ, ಮಳೆ ಮತ್ತು ರೈಲು ಮುಷ್ಕರದ ದಿನಗಳನ್ನು ನೋಡಿಕೊಂಡು ಟ್ರೇನೊ ಕಾರ್ಡನ್ನೇ ಸತತ ದಿನಗಳಿಗೆ ಕೊಳ್ಳಬಹುದು. ಕೊರ್ನಿಲಿಯಾಕ್ಕೂ ವೊಲಾಸ್ತ್ರಾಕ್ಕೂ ಬಸ್ಸಿದೆ. ಕಾಗದದ ಕಾರ್ಡಾದರೆ ಮೊದಲ ರೈಲು ಹತ್ತುವ ಮುನ್ನ ಹೆಸರು ಬರೆದು, ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆಯಿಲ್ಲದ ಕಾರ್ಡು ಕೈಯಲ್ಲಿದ್ದರೂ ರೈಲಿನ ತಪಾಸಕರು ದಂಡ ವಿಧಿಸಬಹುದು.