ಅಡಿಕೆ ತೋಟದ ತೇವಕ್ಕೆ ಎರಡು ಕಡ್ಡಿ, ಎರಡು ರೇಡಿಯೊ

ಫೆಬ್ರವರಿ ಬಂತೆಂದರೆ ನಮ್ಮ ಕೆರೆಯ ನೀರನ್ನು ಲೆಕ್ಕ ಹಾಕಿ ಬಿಡಬೇಕು. ಯಾವ ಮೂಲೆಗೆ ಇಂದೇ ಬೇಕು, ಯಾವುದು ನಾಳಿದ್ದಿನವರೆಗೆ ತಾಳುತ್ತದೆ ಎಂಬುದನ್ನು ಅಪ್ಪಯ್ಯ ಕಾಲಿನ ಹೆಬ್ಬೆರಳಿನಲ್ಲಿ ಮಣ್ಣು ಕೆದಕಿ ಹೇಳಿಬಿಡುತ್ತಾರೆ. ನನಗೆ ಆ ವಿದ್ಯೆ ಹತ್ತಲಿಲ್ಲ. ಹಾಗಾಗಿ ಎರಡು ಬೇಸಿಗೆ, ಮಣ್ಣಿನ ತೇವ ಅಳೆಯುವ ಎರಡು ಬಗೆಯ ಸೆನ್ಸರ್ ಕಡ್ಡಿ, ಆ ಅಂಕಿಯನ್ನು ಮನೆಗೆ ಕಳಿಸುವ ಎರಡು ಬಗೆಯ ರೇಡಿಯೊ ಜೋಡಿಸಿ ನೋಡಿದೆ.

ಮೊದಲು ತಂದದ್ದು ಎರಡು ಹಲ್ಲಿನ, ಮಣ್ಣಿನ ವಿದ್ಯುತ್ ರೋಧ ಅಳೆಯುವ ಅಗ್ಗದ ಕಡ್ಡಿ. ಹಗಲೂ ರಾತ್ರಿ ವಿದ್ಯುತ್ ಹರಿಯಲು ಬಿಟ್ಟಿದ್ದೆ. ಮೂರು ವಾರದ ಮೇಲೆ ಕಿತ್ತು ನೋಡಿದರೆ ಒಂದು ಹಲ್ಲಿನ ಲೋಹ ಮುಕ್ಕಾಲು ಮಾಯ, ಉಳಿದದ್ದು ಹಸಿರು ಕಿಲುಬು. ಪಕ್ಕದ ಹಲ್ಲು ಮಾತ್ರ ಇನ್ನೂ ಹೊಳೆಯುತ್ತಿತ್ತು. ಒದ್ದೆ ಮಣ್ಣಿನಲ್ಲಿ ಒಂದೇ ದಿಕ್ಕಿಗೆ ವಿದ್ಯುತ್ ಹರಿದರೆ ಧನ ತುದಿ ಕರಗಲೇಬೇಕು. ಅಳೆಯುವ ಕ್ಷಣದಲ್ಲಷ್ಟೇ ವಿದ್ಯುತ್ ಕೊಟ್ಟಾಗ ಎರಡನೆಯ ಕಡ್ಡಿ ಹೆಚ್ಚು ದಿನ ಬಾಳಿತು. ಆದರೆ ಗೊಬ್ಬರ ಹಾಕಿದ ಮರುದಿನ ತೇವ ಏರಿದೆ ಎಂದು ತೋರಿಸಿತು. ಏರಿದ್ದು ಲವಣ, ನೀರಲ್ಲ. ಅಲ್ಲಿಗೆ ಅದರ ಮೇಲಿನ ನಂಬಿಕೆ ಹೋಯಿತು.

ಎರಡನೆಯದು ಕೆಪಾಸಿಟಿವ್ ಕಡ್ಡಿ, ಅಂದರೆ ಮಣ್ಣು ವಿದ್ಯುದಾವೇಶವನ್ನು ಎಷ್ಟು ಹಿಡಿದಿಡುತ್ತದೆ ಎಂಬುದರಿಂದ ತೇವ ಅಳೆಯುವಂಥದ್ದು. ಇದರ ಲೋಹ ಹಲಗೆಯೊಳಗೆ ಅಡಗಿರುವುದರಿಂದ ಮಣ್ಣಿಗೆ ತಾಗುವುದಿಲ್ಲ, ಕಿಲುಬಿನ ಮಾತಿಲ್ಲ. ಬೇರೆ ಕಾಟಗಳಿವೆ. ತರಿಸಿದ ಐದರಲ್ಲಿ ಎರಡು 3.3 ವೋಲ್ಟ್‌ಗೆ ಅಲುಗಲೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದೆ: ಕೆಲಸ ಮಾಡುವವುಗಳಲ್ಲಿ ಕಡಿಮೆ ವೋಲ್ಟೇಜಿಗೂ ನಡೆಯುವ ಟಿಎಲ್‌ಸಿ555 ಚಿಪ್, ಸತ್ತವುಗಳಲ್ಲಿ 4.5 ವೋಲ್ಟಾದರೂ ಕೇಳುವ ಎನ್‌ಇ555. ಹೊರಗಿನಿಂದ ಎರಡೂ ಅವಳಿ ಜವಳಿ. ಕೊಳ್ಳುವಾಗ ಆ ಅಕ್ಷರಗಳನ್ನು ಓದಿಯೇ ಕೊಳ್ಳಿ. ಹಲಗೆಯ ಕತ್ತರಿಸಿದ ಅಂಚು ನೀರು ಹೀರುತ್ತದೆ. ಹೆಂಡತಿಯ ಉಗುರು ಬಣ್ಣವನ್ನು ಅಂಚಿಗೆ ಮೂರು ಸಲ ಬಳಿದೆ. ಶೀಸೆ ಖಾಲಿಯಾದ ಬಗ್ಗೆ ಇಲ್ಲಿ ಬರೆಯುವುದು ಬೇಡ.

ಕಡ್ಡಿ ಕೊಡುವ ಅಂಕಿ ಗಾಳಿಯಲ್ಲಿ ಸುಮಾರು 750, ನೀರಿನ ಲೋಟದಲ್ಲಿ 370 ಬಂತು. ಒದ್ದೆಯಾದಷ್ಟೂ ಅಂಕಿ ಇಳಿಯುತ್ತದೆ. ಈ ಎರಡು ತುದಿಗಳ ನಡುವೆ ಗೆರೆ ಎಳೆದು, ‘ತೇವ ನಲವತ್ತು ಶೇಕಡಾ’ ಎಂದು ಹೆಮ್ಮೆಯಿಂದ ಮೊಬೈಲ್ ತೋರಿಸಿದೆ.

‘ಯಾವುದರ ನಲವತ್ತು, ತಮಾ?’ ಎಂದರು ಅಪ್ಪಯ್ಯ.

ಉತ್ತರ ಇರಲಿಲ್ಲ. ಆಮೇಲೆ ತೋಟದ ಮಣ್ಣನ್ನೇ ಪೂರ್ತಿ ಒಣಗಿಸಿ, ಡಬ್ಬಿಗೆ ತುಂಬಿ ತೂಗಿ, ಐವತ್ತು ಗ್ರಾಂನಂತೆ ನೀರು ಕಲಸುತ್ತಾ ಅಂಕಿ ಬರೆದುಕೊಂಡೆ. ಅಂಗಳದ ಕುಂಡದ ನಾರಿನ ಪುಡಿಗೂ ತೋಟದ ಕೆಂಪು ಮಣ್ಣಿಗೂ ಲೆಕ್ಕ ಬೇರೆಯೇ ಬಂತು. ಕಡ್ಡಿಯ ಪಕ್ಕದಲ್ಲಿ ತುಸುವೇ ಪೊಳ್ಳು ಉಳಿದರೂ ಒದ್ದೆ ಮಣ್ಣು ಒಣಗಿದೆ ಎಂದು ವರದಿಯಾಗುತ್ತದೆ. ಅಗೆದ ಮಣ್ಣನ್ನು ನೀರಿನಲ್ಲಿ ಕಲಸಿ ಒತ್ತಿ ಕೂರಿಸಿ. ನನ್ನ ಮಟ್ಟಿಗೆ ಇಡೀ ಪ್ರಯೋಗದ ಮುಖ್ಯ ಕೆಲಸ ಇಷ್ಟೇ, ರೇಡಿಯೊದ್ದೆಲ್ಲ ಆಮೇಲಿನ ಮಾತು.

ವೈಫೈಗೆ ಇಎಸ್‌ಪಿ8266 ಎಂಬ ವೈಫೈ ಚಿಪ್ ಇರುವ ನೋಡ್‌ಎಂಸಿಯು ಹಲಗೆ ಬಳಸಿದೆ. ಅಂಗಳದಲ್ಲಿ ಸೊಗಸಾಗಿ ನಡೆಯಿತು. ಆದರೆ ತೋಟವಿರುವುದು ಮನೆಯಿಂದ ನೂರೈವತ್ತು ಮೀಟರ್ ಕೆಳಗೆ, ನಡುವೆ ದಟ್ಟ ಸೋಗೆ. ಸಂಕೇತ ಸಿಗದೆ ಚಿಪ್ ಹುಡುಕುತ್ತಲೇ ಕೂತು ಬ್ಯಾಟರಿ ಕುಡಿದು ಹಾಕಿತು. ನಿದ್ದೆಗೆ ಕಳಿಸಿದರೂ ಲಾಭ ಕಡಿಮೆ: ಚಿಪ್ ಮಲಗುತ್ತದೆ, ಹಲಗೆಯ ಮೇಲೆ ವೋಲ್ಟೇಜ್ ಸಮ ಮಾಡುವ ರೆಗ್ಯುಲೇಟರ್ ಮತ್ತು ಯುಎಸ್‌ಬಿ ಭಾಗ ಎಚ್ಚರವಾಗಿದ್ದು ಕೆಲವು ಮಿಲಿಆಂಪಿಯರ್ ತಿನ್ನುತ್ತಲೇ ಇರುತ್ತವೆ. ಒಂದು 18650 ಲಿಥಿಯಂ ಬ್ಯಾಟರಿ ಹತ್ತು ದಿನವೂ ಬರಲಿಲ್ಲ.

ಎರಡನೆಯ ರೇಡಿಯೊ ಲೋರಾ, ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವಂಥದ್ದು. ಅದಕ್ಕೆ ಖರ್ಚು ಜಾಸ್ತಿ, ಮನೆಯಲ್ಲೂ ಒಂದು ಗ್ರಾಹಕ ಬೇಕು. 868 ಎಂದು ಮಾರುವ ಮಾಡ್ಯೂಲನ್ನು 866 ಮೆಗಾಹರ್ಟ್ಸ್‌ಗೆ ಹೊಂದಿಸಿದೆ. ನಮ್ಮ ದೇಶದಲ್ಲಿ 865ರಿಂದ 868ರವರೆಗೆ ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಬೇಕಿಲ್ಲ. ಆಂಟೆನಾ ಎಂದರೆ 8.6 ಸೆಂಟಿಮೀಟರ್ ತಂತಿ. ಅದಕ್ಕೆ ಜೊತೆಯಾಗಿ 3.3 ವೋಲ್ಟ್‌ನ ಆರ್ಡುಯಿನೊ ಪ್ರೊ ಮಿನಿ ಎಂಬ ಪುಟ್ಟ ನಿಯಂತ್ರಕ ಹಲಗೆ. ಅದರ ದೀಪ ಮತ್ತು ರೆಗ್ಯುಲೇಟರನ್ನು ಕಿತ್ತು, ನಿದ್ದೆಯಲ್ಲಿ ಹೆಚ್ಚೇನೂ ತಿನ್ನದ ಬೇರೆ ರೆಗ್ಯುಲೇಟರ್ ಹಾಕಿದೆ. ಗಂಟೆಗೊಮ್ಮೆ ಎದ್ದು ನಾಲ್ಕು ಅಂಕಿ ಕೂಗಿ ಮತ್ತೆ ಮಲಗುತ್ತದೆ. ಸೋಗೆಯನ್ನು ದಾಟಿ ಅಡುಗೆಮನೆಯ ಕಿಟಕಿಗೆ ಮುಟ್ಟಿತು. ಜನವರಿಯಲ್ಲಿ ಹಾಕಿದ ಬ್ಯಾಟರಿಯನ್ನು ಮೇ ತಿಂಗಳವರೆಗೆ ಮುಟ್ಟಲಿಲ್ಲ.

ಒಂದೇ ಒಂದು ಸಲ ನಿಂತದ್ದು ಇರುವೆಗಳಿಂದ. ಡಬ್ಬಿ ತೆರೆದರೆ ಚಿಪ್ ಮೇಲೆ ಅನ್ನದ ಅಗುಳಿನಂತೆ ಬಿಳಿ ಮೊಟ್ಟೆಗಳ ರಾಶಿ. ತಂತಿ ಹೋಗುವ ತೂತಿಗೆ ಮೇಣ ತುಂಬಿದ ಮೇಲೆ ಅವು ಬರಲಿಲ್ಲ.

ಈಗ ತೋಟದಲ್ಲಿ ಮೂರು ಕೆಪಾಸಿಟಿವ್ ಕಡ್ಡಿಗಳು ಲೋರಾದೊಡನೆ ಇವೆ, ಅಂಗಳದ ಕರಿಬೇವಿನ ಕುಂಡಕ್ಕೆ ವೈಫೈಯದು. ಮೇಲಿನ ಅಂಚಿನಲ್ಲಿ ಜಂಬಿಟ್ಟಿಗೆ ಕಲ್ಲು ಅಡ್ಡ ಬಂದು ಕಡ್ಡಿ ಇಳಿಯುವುದಿಲ್ಲ, ಅಲ್ಲಿಗೆ ಇನ್ನೂ ಅಪ್ಪಯ್ಯನೇ ಹೋಗುತ್ತಾರೆ. ಜೂನ್‌ನಲ್ಲಿ ಎಲ್ಲವನ್ನೂ ಕಿತ್ತು ಅಟ್ಟಕ್ಕೆ ಹಾಕುತ್ತೇನೆ. ಮಳೆ ಹಿಡಿದ ಮೇಲೆ ಬೇಕಾಗುವುದು ಬಸಿಗಾಲುವೆ ಬಿಡಿಸುವ ಗುದ್ದಲಿ.