ಭಟ್ಕಳದ ಜಮಾತ್ ರಾಜಿ: ಮಾತುಕತೆ ಗಟ್ಟಿ, ಕಾಗದ ತೆಳು

ಗಂಡ ಹೆಂಡಿರ ವ್ಯಾಜ್ಯ ಬಂದಾಗ ಭಟ್ಕಳದ ಮುಸ್ಲಿಂ ಮನೆಗಳವರು ವಕೀಲರಿಗಿಂತ ಮೊದಲು ಜಮಾತಿನ, ಅಂದರೆ ತಮ್ಮ ಸಮುದಾಯದ ಸಂಘದ, ಬಾಗಿಲು ತಟ್ಟುತ್ತಾರೆ. ಜಮಾತುಲ್ ಮುಸ್ಲಿಮೀನ್, ಖಲೀಫಾ ಜಮಾತುಲ್ ಮುಸ್ಲಿಮೀನ್ ಎಂಬ ಎರಡು ಜಮಾತುಗಳಿಗೂ ಬೇರೆ ಬೇರೆ ಖಾಜಿಗಳಿದ್ದಾರೆ (ಮದುವೆ, ತಲಾಖ್ ವಿಷಯ ನೋಡುವ ಧರ್ಮಪಂಡಿತರು). ಇಲ್ಲಿನ ನವಾಯತ ಮುಸ್ಲಿಮರು ಶಾಫಿ ಎಂಬ ಧರ್ಮಶಾಸ್ತ್ರ ಪಂಥದವರು, ತೀರ್ಮಾನವೂ ಅದರಂತೆ.

ಈ ವ್ಯವಸ್ಥೆಯ ದೊಡ್ಡ ಗುಣ, ಎರಡೂ ಕಡೆಯ ಹಿರಿಯರನ್ನು ಎದುರುಬದುರು ಕೂರಿಸುವ ಶಕ್ತಿ. ಕುರ್‌ಆನ್ 4:35 ಹೇಳುವುದೂ ಅದನ್ನೇ: ಗಂಡಿನ ಕಡೆಯಿಂದ ಒಬ್ಬ, ಹೆಣ್ಣಿನ ಕಡೆಯಿಂದ ಒಬ್ಬ ಮಧ್ಯಸ್ಥ. ಮುನಿಸು, ಅತ್ತೆ ಮನೆಯ ಕಿರಿಕಿರಿ, ಬೇರೆ ಮನೆ ಮಾಡುವ ಪ್ರಶ್ನೆ ಇಂಥವಕ್ಕೆ ಕೋರ್ಟಿಗಿಂತ ಜಮಾತೇ ಮೇಲು. ಹೊಡೆತ ಬಡಿತ ಇದ್ದರೆ ಮಾತ್ರ ಕಾಯಬಾರದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಬಳಿ ನೇರ ಹೋಗಬೇಕು.

ಕೊರತೆ ಇರುವುದು ಕೊನೆಗೆ ಕೈಗೆ ಬರುವ ಪತ್ರದಲ್ಲಿ. 1880ರ ಖಾಜಿಗಳ ಕಾಯ್ದೆ ಖಾಜಿಗೆ ನ್ಯಾಯಾಧೀಶನ ಅಧಿಕಾರ ಕೊಡುವುದಿಲ್ಲ. ಫತ್ವಾಗಳಿಗೆ (ಧರ್ಮಪಂಡಿತರ ಅಭಿಪ್ರಾಯಗಳಿಗೆ) ಕಾನೂನಿನ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಛಾಪಾ ಕಾಗದದ ಮೇಲೆ ಬರೆದ ಮಾತ್ರಕ್ಕೆ ರಾಜಿಯು ಡಿಕ್ರಿ, ಅಂದರೆ ಜಾರಿ ಮಾಡಿಸಬಹುದಾದ ಕೋರ್ಟ್ ಆದೇಶ, ಆಗುವುದಿಲ್ಲ; ಗಂಡ ಮೂರನೇ ತಿಂಗಳಿಗೆ ಹಣ ನಿಲ್ಲಿಸಿದರೆ ಜಮಾತು ಛೀಮಾರಿ ಹಾಕಬಹುದು, ಜಪ್ತಿ ಮಾಡಿಸಲಾಗದು.

ಪತ್ರ ಬರೆಯುವಾಗಲೇ ಆಗುವ ಎಡವಟ್ಟುಗಳಿವೆ. ‘ಒಡವೆ ಎಲ್ಲ ಮುಟ್ಟಿದೆ’ ಎಂಬ ಒಂದು ಸಾಲು ಸಾಲದು. ಪ್ರತಿ ಒಡವೆಯ ಹೆಸರು, ಗ್ರಾಂ, ಯಾರ ಕೈಯಿಂದ ಯಾರ ಕೈಗೆ ಎಂದು ಬರೆಸಬೇಕು. ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ವಧುಧನ), ಇದ್ದತ್ (ವಿಚ್ಛೇದನದ ನಂತರ ಹೆಣ್ಣು ಕಾಯುವ ಅವಧಿ) ಕಾಲದ ಖರ್ಚು, ಮಕ್ಕಳ ಜೀವನಾಂಶ ಇವು ಮೂರೂ ಬೇರೆ ಬೇರೆ ಬಾಬ್ತು; ಒಟ್ಟು ಮೊತ್ತದಲ್ಲಿ ಕಲಸಿಬಿಟ್ಟರೆ ನಷ್ಟ ಹೆಣ್ಣಿಗೇ. ‘ಮುಂದೆ ಜೀವನಾಂಶ ಕೇಳುವುದಿಲ್ಲ’ ಎಂದು ಬರೆಸಿಕೊಂಡರೂ ಆಕೆಯ ಹಕ್ಕು ಸುಲಭಕ್ಕೆ ಹೋಗದು. ಮುಸ್ಲಿಂ ವಿಚ್ಛೇದಿತೆಯೂ ಸಾಮಾನ್ಯ ಕಾನೂನಿನಡಿ ಕೇಳಬಹುದೆಂದು ಸುಪ್ರೀಂ ಕೋರ್ಟ್ ಜುಲೈ 2024ರಲ್ಲಿ ಸ್ಪಷ್ಟಪಡಿಸಿದೆ. ಇನ್ನು, ಹೆಣ್ಣಿನ ಪರವಾಗಿ ತಂದೆ ಅಥವಾ ಅಣ್ಣ ಮಾತ್ರ ಕೂತ ರಾಜಿ ನಿಲ್ಲುವುದು ಕಷ್ಟ. ಆಕೆಯೇ ಕೂರಬೇಕು, ಆಕೆಯೇ ಸಹಿ ಹಾಕಬೇಕು.

ಗಂಡ ಖುಲಾಕ್ಕೆ (ಹೆಂಡತಿ ಕೇಳಿ ಪಡೆಯುವ ವಿಚ್ಛೇದನಕ್ಕೆ) ಒಪ್ಪದಿದ್ದರೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಡಿ ನ್ಯಾಯಾಲಯದ ದಾರಿಯಿದೆ: ಎರಡು ವರ್ಷ ಸಾಕದಿರುವುದು, ನಾಲ್ಕು ವರ್ಷ ಸುಳಿವಿಲ್ಲದಿರುವುದು ಇಂಥ ಕಾರಣಗಳು ಸಾಕು. ಒಂದೇ ಉಸಿರಿಗೆ ಮೂರು ಬಾರಿ ಹೇಳುವ ತಲಾಖನ್ನು ಯಾರು ಬರೆದುಕೊಟ್ಟರೂ ಅದು ಅಸಿಂಧು. 2019ರ ಕಾಯ್ದೆಯಂತೆ ಮೂರು ವರ್ಷದವರೆಗೆ ಶಿಕ್ಷೆಯಿದೆ.

ಹಾಗಾಗಿ ನಮ್ಮ ಸಲಹೆ: ಜಮಾತಿನಲ್ಲಿ ರಾಜಿ ಆದಮೇಲೆ ಹಣ, ಒಡವೆ, ಮಕ್ಕಳ ಭಾಗವನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ಗೆ ತನ್ನಿ. ಸಮಿತಿ ಇರುವುದು ಕೋರ್ಟ್ ಆವರಣದಲ್ಲೇ; ಕಾರವಾರದ ತನಕ ಹೋಗಬೇಕಿಲ್ಲ. ಕೋರ್ಟ್ ಶುಲ್ಕವಿಲ್ಲ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ, ಅಲ್ಲಿನ ತೀರ್ಪು ಡಿಕ್ರಿಗೆ ಸಮ. ವಿಚ್ಛೇದನ ಮಾತ್ರ ಅಲ್ಲಿ ಸಿಗದು. ದುಬೈಯಲ್ಲಿರುವ ಗಂಡನ ಫೋನ್ ಒಪ್ಪಿಗೆ ನಂಬಬೇಡಿ: ಭಾರತೀಯ ದೂತಾವಾಸ ದೃಢೀಕರಿಸಿದ ಮುಖ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ತರಿಸಿ, ಅದು ಊರಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ.