ಬಿಸಿಯಾದ ಮೇಲೆ ಆಫ್ ಆಗುವ ಪಿಕಪ್: ಗ್ಯಾರೇಜ್, ಕಂಪನಿ ವರ್ಕ್‌ಶಾಪ್, ಪಂಪ್ ಅಂಗಡಿ

ಡೀಸೆಲ್ ಪಿಕಪ್ ಗಾಡಿ ಬಿಸಿಯಾದ ಮೇಲೆ ನಿಂತಲ್ಲೇ ಆಫ್ ಆಗುತ್ತಿದ್ದರೆ ಪಂಪ್-ನಾಝಲ್ ರಿಪೇರಿ ಅಂಗಡಿಗೆ ಹೋಗಿ. ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ಟೆಸ್ಟ್ ಬೆಂಚಿಗೆ ಹಾಕಿ ನೋಡುತ್ತಾರಲ್ಲ, ಅವರ ಹತ್ತಿರ. ಪುಣೆಯ ಕಾತ್ರಜ್ ಕಡೆಯ ಗ್ಯಾರೇಜು, ಕಂಪನಿ ವರ್ಕ್‌ಶಾಪು, ಮೊಬೈಲ್‌ಗೆ ಜೋಡಿಸುವ ಸ್ಕ್ಯಾನರು, ಎಲ್ಲ ನೋಡಿದ ಮೇಲೆ ಹೇಳುತ್ತಿದ್ದೇನೆ.

ನನ್ನದು 2018ರ ಬಿಎಸ್‌4 (ಹೊಗೆ ನಿಯಮದ ಹಂತ) ಗಾಡಿ, ಕಾಮನ್ ರೈಲ್ ಎಂಜಿನ್. ಅಂದರೆ ಪಂಪ್ ಒತ್ತಡದಲ್ಲಿ ಕೊಟ್ಟ ಡೀಸೆಲ್ 'ರೈಲ್' ಅನ್ನುವ ಒಂದೇ ಪೈಪಿನಲ್ಲಿ ನಿಂತು, ಅಲ್ಲಿಂದ ಎಲ್ಲ ಇಂಜೆಕ್ಟರಿಗೂ ಹೋಗುತ್ತದೆ. ಪುಣೆ ಮಾರ್ಕೆಟ್ ಯಾರ್ಡಿನಿಂದ ತರಕಾರಿ ಸಾಗಿಸುತ್ತೇನೆ. ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು. ಓಟದಲ್ಲಿ ಏನೂ ಕೊರತೆ ಇರಲಿಲ್ಲ. ಕಾತ್ರಜ್ ಘಾಟ್ ಹತ್ತಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್ ಬಂತು ಅಂತ ಕ್ಲಚ್ ಒತ್ತಿದರೆ ಸಾಕು, ಆರ್‌ಪಿಎಂ ಮುಳ್ಳು 800ರಿಂದ ಕೆಳಗೆ ಜಾರಿ, ಗಾಡಿ ಒಮ್ಮೆ ನಡುಗಿ, ಆಫ್.

ಮತ್ತೆ ಸೆಲ್ಫ್ ಹೊಡೆದರಾಯಿತು ಅಂತ ಸುಮ್ನೆ ಓಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವುದಕ್ಕೆ ಮಾತ್ರ ಸಾಕು, ಆಮೇಲೆ ಪೆಡಲ್ ಗಟ್ಟಿ. ಹೊಸ ಕಾತ್ರಜ್ ಟನೆಲ್ ದಾಟಿ ನವಲೆ ಬ್ರಿಜ್ ಕಡೆಗೆ ಲೋಡ್ ಹೊತ್ತು ಇಳಿಯುವಾಗ ಹೀಗಾದರೆ ಏನು ಗತಿ? ಆ ಇಳಿಜಾರಿನಲ್ಲಿ ಎಂಥೆಂಥ ಆಕ್ಸಿಡೆಂಟ್ ಆಗಿವೆ ಅಂತ ಪುಣೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತು.

ಗ್ಯಾರೇಜಿನ ಕೆಲಸ ಅಗ್ಗ, ಮತ್ತು ಮೊದಲು ಆಗಬೇಕಾದ ಕೆಲಸವೂ ಅದೇ. ಡೀಸೆಲ್ ಫಿಲ್ಟರ್ ಬದಲಿಸಿದರು, ತಳದ ನೀರು ಬಿಟ್ಟರು. ಪಂಪಿಗೆ ಹೋಗುವ ಲೈನಿನಲ್ಲಿ ಒಂದು ತುಂಡು ಟ್ರಾನ್ಸ್‌ಪರೆಂಟ್ ಪೈಪ್ ಹಾಕಿ ಏರ್ ಎಳೆಯುತ್ತಿದೆಯಾ ಅಂತ ನೋಡಿದರು. ಗುಳ್ಳೆ ಕಾಣಲಿಲ್ಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಬಿಚ್ಚಿ ಕಾರ್ಬನ್ ಕೆರೆದರು. ಹೊಗೆ ಕಡಿಮೆಯಾಯಿತು, ಆಫ್ ಆಗುವುದು ನಿಲ್ಲಲಿಲ್ಲ.

ಆದರೆ ಅಲ್ಲಿ ಒಂದು ಸಂಗತಿ ನನಗೆ ಭಯ ಹುಟ್ಟಿಸಿತು. ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ನೋಡೋಣ ಅಂತ ಮಿಸ್ತ್ರಿ ಸ್ಪ್ಯಾನರ್ ಹಿಡಿದರು. ಹಳೇ ಪಂಪಿನ ಗಾಡಿಗಳಿಗೆ ಅದು ರೂಢಿ. ಕಾಮನ್ ರೈಲಿನಲ್ಲಿ ಒತ್ತಡ 1,000 ಬಾರ್ ದಾಟಬಲ್ಲದು. ಆ ಡೀಸೆಲ್ ಚಿಮ್ಮಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಬೇಡ ಭಾವು ಅಂತ ತಡೆದೆ.

ಕಂಪನಿ ವರ್ಕ್‌ಶಾಪಿನಲ್ಲಿ ತಲೆಬಿಸಿಯಾದದ್ದು ಬೇರೆಯೇ ಕಾರಣಕ್ಕೆ. ಗಾಡಿ ಸಂಜೆ ಬಿಡಿ ಅನ್ನುತ್ತಾರೆ. ನೋಡುವುದು ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ತಣ್ಣಗಿದ್ದಾಗ ನನ್ನ ಗಾಡಿಗೆ ರೋಗವೇ ಇಲ್ಲ! ಆಕ್ಸಿಲರೇಟರ್ ಒತ್ತದೆ, ಐಡ್ಲಿಂಗ್‌ನಲ್ಲಿ, ಬೇಕಾದಷ್ಟು ಹೊತ್ತು ಓಡುತ್ತದೆ. 'ಪ್ರಾಬ್ಲಂ ಕಾಣಿಸಲಿಲ್ಲ' ಅಂತ ಜಾಬ್ ಕಾರ್ಡಿನಲ್ಲಿ ಬರೆದು ವಾಪಸ್ ಕೊಡುತ್ತಾರೆ. ಹೊರಗೆ ಬಂದು ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಸ್ವಾರ್‌ಗೇಟ್ ತಲುಪುವಷ್ಟರಲ್ಲಿ ಮತ್ತೆ ಅದೇ ಕಥೆ.

ಯಾಕೆ ಹೀಗೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಡೀಸೆಲ್ ಬಿಸಿಯಾದಷ್ಟೂ ತೆಳ್ಳಗಾಗುತ್ತದೆ. ಇಂಜೆಕ್ಟರ್ ಒಳಗೆ ಸವೆದ ಜಾಗದಿಂದ ತೆಳ್ಳಗಿನ ಡೀಸೆಲ್ ಜಾಸ್ತಿ ಸೋರಿ, ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪಿಗೆ ಸೇರುತ್ತದೆ. ಓಟದಲ್ಲಿ ಪಂಪ್ ಜೋರಾಗಿ ತಿರುಗುವುದರಿಂದ ಸೋರಿದ್ದನ್ನು ತುಂಬಿಕೊಡುತ್ತದೆ. ಐಡ್ಲಿಂಗ್‌ನಲ್ಲಿ ಪಂಪ್ ನಿಧಾನ, ಆಗ ಎಷ್ಟು ಕೊಟ್ಟರೂ ತೂತುಬಿದ್ದ ಕೊಡಕ್ಕೆ ನೀರು ಸುರಿದ ಹಾಗೆ. ರೈಲ್ ಒತ್ತಡ ಬೀಳುತ್ತದೆ, ಎಂಜಿನ್ ನಿಲ್ಲುತ್ತದೆ. ಹೀಗಾಗಿ ತಣ್ಣಗಿನ ಗಾಡಿಗೆ ಮಾಡಿದ ಟೆಸ್ಟ್ ಇದಕ್ಕೆ ಟೆಸ್ಟೇ ಅಲ್ಲ.

ಕೊನೆಗೆ ಕಂಪನಿ ವರ್ಕ್‌ಶಾಪಿನವರ ಸ್ಕ್ಯಾನರಿನಲ್ಲಿ ಪಿ0087 ಅನ್ನುವ ದೋಷದ ಕೋಡ್ ಬಂತು. ರೈಲ್ ಒತ್ತಡ ಕಡಿಮೆ ಅಂತ ಅದರ ಅರ್ಥ. ಕಡಿಮೆ ಯಾಕೆ ಅನ್ನುವುದನ್ನು ಕೋಡ್ ಹೇಳುವುದಿಲ್ಲ. ಫಿಲ್ಟರ್ ಕಟ್ಟಿರಬಹುದು, ಪಂಪಿಗೆ ಎಷ್ಟು ಡೀಸೆಲ್ ಬಿಡಬೇಕೆಂದು ನೋಡಿಕೊಳ್ಳುವ ಮೀಟರಿಂಗ್ ವಾಲ್ವ್ ಅಂಟುತ್ತಿರಬಹುದು, ಸೆನ್ಸರ್ ಕೆಟ್ಟಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು. ಅವರು ನಾಲ್ಕೂ ಇಂಜೆಕ್ಟರ್ ಹೊಸದು ಹಾಕೋಣ ಅಂದರು. ಎಸ್ಟಿಮೇಟ್ 50,000 ರೂಪಾಯಿ ದಾಟಿತ್ತು.

ಮೊಬೈಲ್ ಸ್ಕ್ಯಾನರ್ ಸಾವಿರದೊಳಗೆ ಸಿಗುತ್ತದೆ. ರಿಪೇರಿ ಮಾಡುವುದಿಲ್ಲ, ಆದರೆ ಓಡುತ್ತಿರುವಾಗಲೇ ರೈಲ್ ಒತ್ತಡ ತೋರಿಸುತ್ತದೆ. ಆ್ಯಪ್ ಕಿಲೋಪ್ಯಾಸ್ಕಲ್‌ನಲ್ಲಿ ತೋರಿಸಿದರೆ 100ರಿಂದ ಭಾಗಿಸಿ, ಬಾರ್ ಸಿಗುತ್ತದೆ. ನನ್ನ ಗಾಡಿ ತಣ್ಣಗಿದ್ದಾಗ 28,000ದ ಆಸುಪಾಸು, ಅಂದರೆ 280 ಬಾರ್. ಬಿಸಿಯಾದ ಮೇಲೆ ಆ ಸಂಖ್ಯೆ ಕುಣಿಯುವುದನ್ನು ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಂಡೆ.

ಆ ವಿಡಿಯೋ ನೋಡಿ ಪಂಪ್ ಅಂಗಡಿಯವರು, ವಿಜಯಪುರ ಕಡೆಯವರು, ಕೇಳಿದ್ದು ಒಂದೇ ಮಾತು: "ತಣ್ಣಗಿದ್ದ ಗಾಡಿ ನೋಡಿ ಏನ್ ಹೇಳ್ಲಿರೀ? ಘಾಟ್ ಹತ್ತಿಸ್ಕೊಂಡ್ ಬರ್ರಿ." ಬಿಸಿ ಇರುವಾಗಲೇ ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪ್ ಕಿತ್ತು, ಒಂದೊಂದಕ್ಕೂ ಸಣ್ಣ ನಳಿಗೆ ಹಾಕಿ, ನಾಲ್ಕು ಒಂದೇ ಅಳತೆಯ ಬಾಟಲಿಗಳಿಗೆ ಬಿಟ್ಟರು. ಐಡ್ಲಿಂಗ್‌ನಲ್ಲಿ ಎಂಜಿನ್ ಓಡಿಸಿದರು. ಬೇರೆ ಮೂರು ಬಾಟಲಿಗಳ ತಳದಲ್ಲಿ ಬೆರಳು ದಪ್ಪದಷ್ಟು ಡೀಸೆಲ್ ನಿಂತಿರುವಾಗ ಮೂರನೇ ಸಿಲಿಂಡರಿನ ಬಾಟಲಿ ಅರ್ಧ ದಾಟಿತ್ತು. ಕಣ್ಣಿಗೆ ಕಾಣುವ ಸಾಕ್ಷಿ, ಅಲ್ವಾ?

ಅದೊಂದೇ ಇಂಜೆಕ್ಟರ್ ಬಿಚ್ಚಿ, ವಾಲ್ವ್ ಮತ್ತು ನಾಝಲ್ ಬದಲಿಸಿ, ಬೆಂಚಿನ ಮೇಲೆ ಅಳೆದು, ಹೊಸ ತಾಮ್ರದ ವಾಷರ್ ಹಾಕಿ ಕೂರಿಸಿದರು. ಆ ಇಂಜೆಕ್ಟರಿನದೇ ಕೋಡನ್ನು ಎಂಜಿನ್ನಿನ ಕಂಪ್ಯೂಟರಿಗೆ (ಇಸಿಯು) ಬರೆಯುವ ಮಷೀನು ಅವರ ಹತ್ತಿರವೇ ಇತ್ತು. ಇದನ್ನು ಮೊದಲೇ ಕೇಳಿಕೊಳ್ಳಿ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಒಟ್ಟು 7,000ದೊಳಗೆ ಮುಗಿಯಿತು. ಸರಿಯಾದ ಬಿಲ್ ಇಲ್ಲ, ಗ್ಯಾರಂಟಿ ಬರೀ ಬಾಯಿಮಾತು. ನನಗೆ ಇರುವುದು ಒಂದೇ ಗಾಡಿ. ಅದು ವರ್ಕ್‌ಶಾಪಿನಲ್ಲಿ ನಿಂತರೆ ಅವತ್ತಿನ ಬಾಡಿಗೆ ಹೋಯಿತು. ಹಾಗಾಗಿ ನನ್ನ ಮಟ್ಟಿಗೆ ಬಾಯಿಮಾತೇ ಸಾಕು.

2020ರ ಏಪ್ರಿಲ್ ನಂತರದ ಬಿಎಸ್‌6 ಗಾಡಿ, ವಾರಂಟಿ ಇನ್ನೂ ಇದೆ ಅಂದರೆ ಮಾತ್ರ ಕಂಪನಿಗೇ ಹೋಗಿ. ಹೊರಗೆ ಬಿಚ್ಚಿಸಿದರೆ ವಾರಂಟಿಗೆ ತಕರಾರು ಬರಬಹುದು. ಹೋಗುವಾಗ ಬಿಸಿ ಎಂಜಿನ್ನಿನ ವಿಡಿಯೋ ಜೊತೆಗಿರಲಿ. ಗಾಡಿ ಬಿಟ್ಟು ಬರುವ ಮೊದಲು 'ಬಿಸಿಯಾದಾಗ ಮಾತ್ರ ಆಫ್ ಆಗುತ್ತದೆ, ಓಡಿಸಿ ನೋಡಿ' ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ.